ಮೈಸೂರಿನಲ್ಲಿ ಸಹಿ, ಕ್ಯಾಲಿಫೋರ್ನಿಯಾದಲ್ಲಿ ಮನೆ: ಡೀಡ್ ವಾಪಸ್ ಬಂದದ್ದು ಏಕೆ?

ಪರಿಚಯದ ಕುಟುಂಬವೊಂದಕ್ಕೆ ಈಚೆಗೆ ಆದದ್ದಿದು. ಕ್ಯಾಲಿಫೋರ್ನಿಯಾದ ಮನೆ ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ರಿಫೈನಾನ್ಸ್ (ಹಳೆಯ ಗೃಹಸಾಲದ ಬದಲು ಹೊಸ ಸಾಲ) ಗಂಡನೊಬ್ಬರ ಹೆಸರಿನಲ್ಲಿ ಆಗಬೇಕಿದ್ದರಿಂದ ಹೆಂಡತಿ ತಮ್ಮ ಪಾಲನ್ನು ಇಂಟರ್‌ಸ್ಪೌಸಲ್ ಡೀಡ್, ಅಂದರೆ ದಂಪತಿಗಳ ನಡುವಿನ ಆಸ್ತಿ ವರ್ಗಾವಣೆ ಪತ್ರದ ಮೂಲಕ ಬಿಟ್ಟುಕೊಡಬೇಕಿತ್ತು. ಅವರು ಮೈಸೂರಿನಲ್ಲಿದ್ದರು. ಕೋರ್ಟ್ ಹತ್ತಿರದ ನೋಟರಿಯ ಮುಂದೆ ಸಹಿ ಹಾಕಿ ಕೊರಿಯರ್ ಮಾಡಿದರು. ಕೌಂಟಿ ರೆಕಾರ್ಡರ್ ಕಚೇರಿ (ಅಲ್ಲಿನ ಜಿಲ್ಲಾ ಮಟ್ಟದ ಆಸ್ತಿ ದಾಖಲೆ ಕಚೇರಿ) ಅದನ್ನು ದಾಖಲಿಸದೆ, ಚೀಟಿ ಲಗತ್ತಿಸಿ ಹಿಂದಿರುಗಿಸಿತು. ಮತ್ತೆ ಸಹಿ ಮಾಡಿಸುವಷ್ಟರಲ್ಲಿ ಬಡ್ಡಿದರ ಬದಲಾಗದಂತೆ ಹಿಡಿದಿಟ್ಟಿದ್ದ ಲಾಕ್ ಅವಧಿ ಮುಗಿದು ಸಾಲವೇ ದುಬಾರಿಯಾಯಿತು.

ದೊಡ್ಡ ತಪ್ಪು ಆದದ್ದು ನೋಟರಿ ಸೀಲಿನ ವಿಷಯದಲ್ಲಿ. ನಮ್ಮೂರ ನೋಟರಿಯ ಸೀಲು ಒಂದೇ ಇದ್ದರೆ ಅಲ್ಲಿ ನಡೆಯುವುದಿಲ್ಲ. ಅದರ ಮೇಲೆ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ವಿದೇಶದಲ್ಲಿ ಒಪ್ಪುವ ದೃಢೀಕರಣ ಮುದ್ರೆ) ಬೇಕು. ಇದಕ್ಕಿಂತ ನೇರ ದಾರಿ ಚೆನ್ನೈನ ಅಮೆರಿಕನ್ ಕಾನ್ಸುಲೇಟ್. ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಅಸಲು ಪಾಸ್‌ಪೋರ್ಟ್ ಜೊತೆ ಹೋಗಿ. ಒಂದು ಸೀಲಿಗೆ 50 ಡಾಲರ್. ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಬೇಡಿ, ಅಧಿಕಾರಿಯ ಕಣ್ಣೆದುರೇ ಹಾಕಬೇಕು.

ಎರಡನೆಯದು ನಮ್ಮವರಿಗೇ ಹೆಚ್ಚು ಕಾಡುವ ಹೆಸರಿನ ತೊಡಕು. ಹಳೆಯ ಡೀಡಿನಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು. ಮನೆ ಕೊಂಡಾಗ ಡೀಡಿನಲ್ಲಿ ಹೇಗಿತ್ತೋ ಹಾಗೇ ಬರೆದು, ಈಗಿನ ಹೆಸರನ್ನೂ ಜೊತೆಗೆ ಕಾಣಿಸಿ. ಸಹಿಯ ಕೆಳಗೆ ಹೆಸರು ಟೈಪ್ ಆಗಿರಲಿ. ಸೀಲು ಮಸುಕಾಗಿದ್ದರೂ ವಾಪಸ್ ಬರುತ್ತದೆ, ಏಕೆಂದರೆ ಸ್ಕ್ಯಾನ್ ಮಾಡಿದಾಗ ಓದಲು ಬರಬೇಕು.

ಇನ್ನು ಕಾಗದ. ಇಲ್ಲಿ ಎಲ್ಲ ಅಂಗಡಿಯಲ್ಲೂ ಎ4 ಹಾಳೆಯೇ. ಅಲ್ಲಿ ಬೇಕಾದ್ದು 8.5 x 11 ಇಂಚಿನದು. ಅಳತೆ ತಪ್ಪಿದರೆ ಪ್ರತಿ ಪುಟಕ್ಕೆ 3 ಡಾಲರ್ ಹೆಚ್ಚುವರಿ ಶುಲ್ಕ. ಮೊದಲ ಪುಟದ ಬಲ ಮೇಲ್ಭಾಗದಲ್ಲಿ 2.5 x 5 ಇಂಚು ಜಾಗ ರೆಕಾರ್ಡರ್ ಮುದ್ರೆಗೆಂದೇ ಖಾಲಿ ಇರಬೇಕು. ವಿಳಾಸ, ಪಾರ್ಸೆಲ್ ನಂಬರ್ (ತೆರಿಗೆ ದಾಖಲೆಯಲ್ಲಿ ಆಸ್ತಿಗೆ ಕೊಟ್ಟ ಸಂಖ್ಯೆ) ಬರೆದರಷ್ಟೇ ಸಾಲದು. ನಮ್ಮ ಕ್ರಯಪತ್ರದಲ್ಲಿ ಚಕ್ಕುಬಂದಿ ಇರುವ ಹಾಗೆ, ಲಾಟ್, ಟ್ರ್ಯಾಕ್ಟ್, ಮ್ಯಾಪ್ ಪುಸ್ತಕದ ಪುಟ ಇರುವ ಲೀಗಲ್ ಡಿಸ್ಕ್ರಿಪ್ಷನ್, ಅಂದರೆ ಆಸ್ತಿಯ ಕಾನೂನುಬದ್ಧ ವಿವರಣೆ ಬೇಕು. ಹಳೆಯ ಡೀಡಿನಿಂದ ಅಕ್ಷರ ಬಿಡದೆ ನಕಲಿಸಿ. ಇದರಲ್ಲಿ ತಪ್ಪಾದರೆ ಕಚೇರಿಯವರು ಹಿಡಿಯುವುದಿಲ್ಲ, ತಪ್ಪನ್ನೇ ದಾಖಲಿಸಿಬಿಡುತ್ತಾರೆ.

ಶುಲ್ಕ ಒಂದು ಡಾಲರ್ ಕಡಿಮೆಯಾದರೂ ಕಡತ ಹಿಂದಕ್ಕೆ ಬರಬಹುದು. 2018ರಿಂದ ವಸತಿ ನಿಧಿಗೆಂದು 75 ಡಾಲರ್ ಹೆಚ್ಚುವರಿ ಇದೆ. ವಾಸವಿರುವ ಮಾಲೀಕರಿಗೇ ಮನೆ ವರ್ಗವಾಗುತ್ತಿದ್ದರೆ ವಿನಾಯಿತಿ ಉಂಟು, ಆದರೆ ಅದನ್ನು ಮೊದಲ ಪುಟದಲ್ಲಿ ಬರೆದು ಕೇಳಬೇಕು. ವರ್ಗಾವಣೆ ತೆರಿಗೆ ಸೊನ್ನೆ ಎಂದಾದರೆ ಅದರ ಕಾರಣವೂ ಡೀಡಿನ ಮೇಲಿರಲಿ. ಮಾಲೀಕತ್ವ ಬದಲಾವಣೆಯ ಫಾರ್ಮ್, ಬಿಓಇ-502-ಎ, ಜೊತೆಗಿಲ್ಲದಿದ್ದರೆ ಇನ್ನೂ 20 ಡಾಲರ್.

ದಾಖಲಾಯಿತು ಎನ್ನಲು ಆಧಾರ ಮುದ್ರೆಯೊಳಗಿನ ದಾಖಲೆ ಸಂಖ್ಯೆ ಮತ್ತು ತಾರೀಖು. ಕೊರಿಯರ್ ತಲುಪಿದ ರಸೀದಿ ಆಧಾರವಲ್ಲ. ಕೌಂಟಿಯ ಸೂಚ್ಯಂಕದಲ್ಲಿ ಹೆಸರು ಹುಡುಕಿ ನೋಡುವವರೆಗೆ ಬ್ಯಾಂಕಿಗೆ ಮುಗಿಯಿತು ಎನ್ನಬೇಡಿ.

ದಾಖಲಾದ ಮೇಲೆ, ಸರ್ಕಾರದ್ದೇ ಎನ್ನುವಂತೆ ಕಾಣುವ ಪತ್ರ ಬಂದು "ಡೀಡ್ ಪ್ರತಿಗೆ" ದೊಡ್ಡ ಮೊತ್ತ ಕೇಳಿದರೆ ಕಟ್ಟಬೇಡಿ. ಅದೇ ಪ್ರತಿ ರೆಕಾರ್ಡರ್ ಕಚೇರಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ.