ಬೇಸಿಗೆಯಲ್ಲಿ ನೋಡಿ ಕರೆಂಟಿನ ಶವರ್ ತಗೋಬೇಡಿ

ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಕಡೆಯವರು ಯಾರಾದರೂ ಕರೆಂಟಿನ ಶವರ್ ತಗೊಳ್ಳೋ ಯೋಚನೆಯಲ್ಲಿದ್ದರೆ ಸ್ವಲ್ಪ ತಡೀರಿ. ನಾವು ಅಕ್ಕಲಕೋಟೆ ತಾಲ್ಲೂಕಿನವರು. ದಿನಾ ಬೆಳಿಗ್ಗೆ ನೀರು ಕಾಯಿಸೋ ಬಂಬಿಗೆ ತೊಗರಿ ಕಟ್ಟಿಗೆ ತುರುಕಿ ಊದೋ ಕಷ್ಟ ಅವ್ವನಿಗೆ ತಪ್ಪಲಿ ಅಂತ ಮೇ ತಿಂಗಳಲ್ಲಿ ಒಂದು ಕೂಡಿಸಿದೆವು. ನೀರು ತುಂಬಿಟ್ಟುಕೊಳ್ಳದೆ, ಹರಿಯುವಾಗಲೇ ಕಾಯಿಸುವ 3 ಕಿಲೋವ್ಯಾಟಿನದು. ಅಂಗಡಿಯವನು "ನೋಡ್ರಿ ಅಮ್ಮಾರ, ಕೈ ಇಡಾಕ ಆಗೂದಿಲ್ಲ" ಅಂತ ತೋರಿಸಿ ದುಡ್ಡು ಎಣಿಸಿಕೊಂಡು ಹೋದ.

ಬಿಸಿಯಾಗದೆ ಇನ್ನೇನು! ಆ ಬಿಸಿಲಿಗೆ ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರು ಮೊದಲೇ ಕಾದಿರುತ್ತೆ, ಅಲ್ವಾ?

ಡಿಸೆಂಬರ್‌ನಲ್ಲಿ ಬಣ್ಣ ಬಯಲಾಯ್ತು. ನಲ್ಲಿ ಪೂರ್ತಿ ಬಿಟ್ಟರೆ ನೀರು ಉಗುರು ಬೆಚ್ಚಗೂ ಇಲ್ಲ. ಬಿಸಿಯಾಗಲಿ ಅಂತ ಸಣ್ಣಗೆ ಮಾಡಿದರೆ ಒಳಗೆ ಟಕ್ ಅಂತ ಹೀಟರೇ ಆಫ್, ಬೆನ್ನ ಮೇಲೆ ತಣ್ಣೀರು. ಮತ್ತೆ ಜಾಸ್ತಿ ಮಾಡಿದರೆ ಟಕ್, ಆನ್. ಅವ್ವ ಮೈತುಂಬ ಸಾಬೂನು ಹಚ್ಚಿಕೊಂಡು ಒಳಗಿನಿಂದಲೇ "ಮದ್ಲ ಬಂಬ ಹಚ್ಚು" ಅಂತ ಕೂಗಿದಳು.

ಅಂಗಡಿಯವನಿಗೆ ಫೋನ್ ಮಾಡಿದರೆ ಮಷೀನು ಸರಿ ಇದೆ, ವಾಪಸ್ ಇಲ್ಲ ಅಂದ. ಮಷೀನು ಸರಿಯೇ ಇದೆ, ಅದೇ ಸಿಟ್ಟು ಬರೋದು. 3 ಕಿಲೋವ್ಯಾಟ್ ಹೀಟರು ನಿಮಿಷಕ್ಕೆ 3 ಲೀಟರ್ ನೀರನ್ನು ಹೆಚ್ಚೆಂದರೆ 14 ಡಿಗ್ರಿ ಏರಿಸುತ್ತೆ. ಟ್ಯಾಂಕಿನ ನೀರು 35 ಇದ್ದರೆ 49, ಚರ್ಮ ಸುಡುತ್ತೆ, ಮಕ್ಕಳಿದ್ದರೆ ಹುಷಾರು. ಚಳಿಗಾಲದಲ್ಲಿ 20 ಇದ್ದರೆ 34, ಅದು ಮೈಗಿಂತ ತಣ್ಣಗೆ. 40ಕ್ಕೆ ತರಬೇಕಂದ್ರೆ ನೀರನ್ನು ನಿಮಿಷಕ್ಕೆ ಎರಡು ಲೀಟರಿಗೆ ಇಳಿಸಬೇಕು, ಅಷ್ಟು ಸಣ್ಣ ಧಾರೆಗೆ ನಮ್ಮ ಮಷೀನು ಹೊತ್ತಿಕೊಳ್ಳೋದೇ ಇಲ್ಲ. ಅದರ ಮೇಲೆ ಹಿಂಗಾರಿ ಬೆಳೆಗೆ ಹೊಲದ ಪಂಪುಗಳೆಲ್ಲ ಓಡುವಾಗ ವೋಲ್ಟೇಜ್ ಬೀಳುತ್ತೆ. 230 ಇರಬೇಕಾದ್ದು 180ಕ್ಕೆ ಬಂದರೆ ಹೀಟರಿನ ಶಕ್ತಿ 60 ಪರ್ಸೆಂಟ್ ಆಸುಪಾಸಿಗೆ ಇಳಿಯುತ್ತೆ, ಆ 14 ಡಿಗ್ರಿಯೂ ಸಿಗಲ್ಲ.

ಇನ್ನೊಂದು. ಅವನು ಇದನ್ನು ಸುಮ್ನೆ ಲೈಟಿನ 6 ಆಂಪ್ಸ್ ಸ್ವಿಚ್ಚಿಗೆ ಜೋಡಿಸಿ ಹೋಗಿದ್ದ. 3 ಕಿಲೋವ್ಯಾಟ್ ಅಂದರೆ 13 ಆಂಪ್ಸ್! ಸ್ವಿಚ್ಚಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದು ಕಂಡು ವೈರ್‌ಮನ್‌ನನ್ನು ಕರೆಸಿದೆವು. 16 ಆಂಪ್ಸ್ ಪಾಯಿಂಟು, ದಪ್ಪ ವೈರು, ಸರಿಯಾದ ಅರ್ಥಿಂಗ್ ಇಲ್ಲದೆ ಇದನ್ನು ಮುಟ್ಟಲೇಬೇಡಿ.

ನಮ್ಮಂಥ ಕಡೆಗೆ ನೀರು ತುಂಬಿಸಿಟ್ಟು ಕಾಯಿಸುವ 15 ಲೀಟರ್ ಗೀಸರೇ ವಾಸಿ. ವೋಲ್ಟೇಜ್ ಕಡಿಮೆಯಾದರೆ ಹೊತ್ತು ಹಿಡಿಯುತ್ತೆ ಅಷ್ಟೇ, ನೀರಂತೂ ಕಾಯುತ್ತೆ. ಶವರೇ ಬೇಕು ಅನ್ನೋರು ಜನವರಿಯ ಬೆಳಿಗ್ಗೆ ನಿಮ್ಮ ಮನೆಯ ನೀರಿಗೇ ಜೋಡಿಸಿ ತೋರಿಸು ಅನ್ನಿ. ಒಪ್ಪದಿದ್ದರೆ ಅಡ್ವಾನ್ಸ್ ಕೂಡ ಕೊಡಬೇಡಿ.