ಮೆಟಾಸರ್ಫೇಸ್‌ಗೆ ಇ-ಬೀಮೋ, ನ್ಯಾನೊಇಂಪ್ರಿಂಟೋ?

ಮೆಟಾಸರ್ಫೇಸ್ ಎಂದರೆ ಬೆಳಕನ್ನು ಬೇಕಾದಂತೆ ತಿದ್ದುವ ನ್ಯಾನೊ ರಚನೆಗಳ ತೆಳು ಮೇಲ್ಮೈ. ಅದರ ವಿನ್ಯಾಸ ಇನ್ನೂ ಬದಲಾಗುತ್ತಿದ್ದರೆ ಇ-ಬೀಮ್ ಲಿಥೋಗ್ರಫಿಯನ್ನೇ (ಎಲೆಕ್ಟ್ರಾನ್ ಕಿರಣದಿಂದ ಮಾದರಿ ಬರೆಯುವುದು) ಹಿಡಿಯಿರಿ. ಅಚ್ಚು ಬೇಡ, ಫೈಲ್ ತಿದ್ದಿದರೆ ಸಾಕು. 50 ನ್ಯಾನೊಮೀಟರ್ ಗೆರೆಯೂ ಚೊಕ್ಕವಾಗಿ ಬರುತ್ತದೆ. ಆದರೆ ಚುಕ್ಕಿ ಚುಕ್ಕಿಯಾಗಿ ಬರೆಯುವುದರಿಂದ ಕೆಲವು ಚದರ ಮಿಲಿಮೀಟರ್‌ಗೇ ಗಂಟೆಗಟ್ಟಲೆ ಹಿಡಿಯಬಹುದು. ಗಾಜಿನ ಮೇಲೆ ಚಾರ್ಜ್ ನಿಂತು ಮಾದರಿ ಸರಿದುಹೋಗುತ್ತದೆ. ಅದಕ್ಕೇ ರೆಸಿಸ್ಟ್ (ಮಾದರಿ ಮೂಡಿಸುವ ಪದರ) ಮೇಲೆ ವಾಹಕ ಪಾಲಿಮರ್ ಹಚ್ಚಲು ಮರೆಯಬೇಡಿ. 40 ನ್ಯಾನೊಮೀಟರ್ ಚಿನ್ನಕ್ಕೆ ಪಿಎಂಎಂಎ (ಇ-ಬೀಮ್‌ಗೆ ಬಳಸುವ ರೆಸಿಸ್ಟ್) ಪದರ 120 ನ್ಯಾನೊಮೀಟರ್ ಆದರೂ ಇರಲಿ. ತೆಳುವಾದರೆ ಅಸಿಟೋನ್‌ಗೆ ಒಳಹೋಗಲು ದಾರಿ ಸಿಗದೆ, ಲಿಫ್ಟ್-ಆಫ್ (ರೆಸಿಸ್ಟ್ ಕರಗಿಸಿ ಅದರ ಮೇಲಿನ ಬೇಡದ ಲೋಹ ತೆಗೆಯುವುದು) ಆದಮೇಲೆ ಲೋಹದ ಅಂಚು ಬೇಲಿಯಂತೆ ಎದ್ದು ನಿಲ್ಲುತ್ತದೆ.

ಒಂದೇ ವಿನ್ಯಾಸದ ನೂರಾರು ಪ್ರತಿ ಬೇಕಿದ್ದರೆ ನ್ಯಾನೊಇಂಪ್ರಿಂಟ್ (ಅಚ್ಚನ್ನು ರೆಸಿಸ್ಟ್‌ಗೆ ಒತ್ತಿ ಮಾದರಿ ಮೂಡಿಸುವುದು) ಸರಿ. ಮೂಲ ಅಚ್ಚನ್ನು ಸಾಮಾನ್ಯವಾಗಿ ಇ-ಬೀಮ್‌ನಲ್ಲೇ ಮಾಡಿಸಬೇಕು, ದುಬಾರಿ. ಆಮೇಲೆ ಇಡೀ ವೇಫರ್ (ಮಾದರಿ ಮೂಡಿಸುವ ತೆಳು ಬಿಲ್ಲೆ) ಒತ್ತಲು ಕೆಲವೇ ನಿಮಿಷ. ಅಂಟದಂತೆ ತಡೆಯುವ ಅಚ್ಚಿನ ಫ್ಲೋರಿನ್‌ಯುಕ್ತ ಸಿಲೇನ್ ಲೇಪ ಸವೆದರೆ ರೆಸಿಸ್ಟ್ ಕಿತ್ತುಕೊಂಡು ಬರುತ್ತದೆ. ಒತ್ತಿದ ಗುಂಡಿಗಳ ತಳದಲ್ಲಿ ಉಳಿದ ರೆಸಿಸ್ಟ್ ಪದರವನ್ನು ಆಮ್ಲಜನಕ ಪ್ಲಾಸ್ಮಾದಿಂದ ತೆಗೆಯದಿದ್ದರೆ ಚಿನ್ನ ಗಾಜಿಗೆ ಹಿಡಿಯುವುದೇ ಇಲ್ಲ.