ಬಂದೂಕು ಹೊತ್ತ ಬ್ಯಾಗನ್ನು ಊರಿಗೆ ತರಬೇಡಿ

ಅಮೆರಿಕದಲ್ಲಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟ್ರೆಕ್ಕಿಂಗ್‌ಗೆ ಇರಲಿ, ರಜೆಯಲ್ಲಿ ಗುರಿ ಹೊಡೆಯೋಕೆ ಇರಲಿ ಅಂತ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳುವ ಸಣ್ಣ .22 (ಸುಮಾರು 0.22 ಇಂಚು ದಪ್ಪದ ಗುಂಡಿನ) ರೈಫಲ್ ಕೊಂಡವರು ದಯವಿಟ್ಟು ಓದಿ. ಅವರ ಮನೆಯವರು ತಪ್ಪದೇ ಓದಿ. ಯಾಕೆಂದರೆ ನಮ್ಮಲ್ಲಿ ಪೆಟ್ಟು ತಿಂದಿದ್ದು ಬಂದೂಕು ಕೊಂಡವರಲ್ಲ. ಅದನ್ನು ಒಂದು ಸಲವೂ ಮುಟ್ಟದ ನನ್ನ ತಂಗಿ.

ಈ ಬಗೆಯ ಬಂದೂಕಿಗೆ ಅಲ್ಲಿ ಟೇಕ್‌ಡೌನ್ ರೈಫಲ್ ಅನ್ನುತ್ತಾರೆ. ಸರ್ವೈವಲ್ ರೈಫಲ್ ಅನ್ನುವ ಹೆಸರೂ ಇದೆ. ಆ ಹೆಸರು ಸುಮ್ನೆ ಬಂದಿದ್ದಲ್ಲ. ವಿಮಾನ ಬಿದ್ದು ಕಾಡಿನಲ್ಲಿ ಸಿಕ್ಕಿಹಾಕಿಕೊಂಡ ಪೈಲಟ್ ಮೊಲವನ್ನೋ ಹಕ್ಕಿಯನ್ನೋ ಹೊಡೆದು ಜೀವ ಹಿಡಿದುಕೊಳ್ಳಲಿ ಎಂದು ಅಮೆರಿಕದ ವಾಯುಪಡೆ ಇಂಥ ಬಂದೂಕುಗಳನ್ನು ಬಯಸಿತ್ತು. ಆರ್ಮಲೈಟ್ ಕಂಪನಿಯ ಎಆರ್-5 ಅನ್ನು ಅದು 1956ರಲ್ಲಿ ಒಪ್ಪಿಕೊಂಡಿತು. ಅದೇ ಜಾಡಿನಲ್ಲಿ ಯೂಜೀನ್ ಸ್ಟೋನರ್ ರೂಪಿಸಿದ ಎಆರ್-7, 1959ರಲ್ಲಿ ಜನಸಾಮಾನ್ಯರ ಕೈಗೆ ಬಂತು. ಈಗಲೂ ಅದರ ಹೊಸ ಮಾದರಿಗಳು ಸಿಗುತ್ತವೆ. ತೂಕ ಒಂದೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ. ನಳಿಗೆ, ನಡುವಿನ ಯಂತ್ರಭಾಗ, ಗುಂಡು ತುಂಬುವ ಮ್ಯಾಗಜಿನ್ ಎಲ್ಲವೂ ಭುಜಕ್ಕೆ ಒತ್ತಿಹಿಡಿಯುವ ಹಿಂಬದಿಯ ಟೊಳ್ಳಾದ ಪ್ಲಾಸ್ಟಿಕ್ ಸ್ಟಾಕ್ ಒಳಗೇ ಕೂರುತ್ತವೆ. ಹಾಗೆ ಮುಚ್ಚಿಟ್ಟರೆ ಉದ್ದ 16.5 ಇಂಚು ಅಷ್ಟೆ. ನೀರಿಗೆ ಬಿದ್ದರೆ ತೇಲುತ್ತದೆ. 2012ರಲ್ಲಿ ಬಂದ ರೂಗರ್ 10/22 ಟೇಕ್‌ಡೌನ್ ಜೊತೆಗಂತೂ ಕಂಪನಿಯೇ ಒಂದು ಬ್ಯಾಗ್ ಕೊಡುತ್ತದೆ.

ಇವು ಒಳ್ಳೆಯ ಬಂದೂಕುಗಳೇ. ಸದ್ದು ಕಡಿಮೆ, ಭುಜಕ್ಕೆ ಒದೆತ ಇಲ್ಲವೇ ಇಲ್ಲ ಅನ್ನಬಹುದು, ಗುಂಡು ಅಗ್ಗ. ಆದರೆ ಬ್ಯಾಗಿನಲ್ಲಿ ಹಿಡಿಯುತ್ತದೆ ಅನ್ನುವ ಗುಣವೇ ನಮಗೆ ಮುಳುವಾಯಿತು. ದೊಡ್ಡ ಬಂದೂಕಿಗೆ ಅದರದ್ದೇ ಉದ್ದನೆಯ ಪೆಟ್ಟಿಗೆ ಇರುತ್ತದೆ. ಆ ಪೆಟ್ಟಿಗೆಯಲ್ಲಿ ಯಾರೂ ಮಗುವಿನ ಸ್ವೆಟರ್ ತುಂಬುವುದಿಲ್ಲ. ಈ ರೈಫಲ್ ಹೋಗುವುದು ಮಾಮೂಲಿ ಬೆನ್ನುಚೀಲದಲ್ಲಿ. ಅದೇ ಚೀಲ ಮುಂದಿನ ವಾರ ತರಕಾರಿಗೆ ಹೋಗುತ್ತದೆ. ಅದರ ಮುಂದಿನ ತಿಂಗಳು ಬೆಂಗಳೂರಿಗೆ.

ತಂಗಿ, ಅವಳ ಗಂಡ ಅಮೆರಿಕದ ಫೀನಿಕ್ಸ್ ಹತ್ತಿರ ಇದ್ದಾರೆ. ಇಬ್ಬರೂ ಅಮೆರಿಕದ ಪ್ರಜೆಗಳು, ಊರಿಗೆ ಬರುವುದು ಓಸಿಐ ಕಾರ್ಡಿನಲ್ಲಿ (ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡು). ಭಾವನಿಗೆ ಬೆಟ್ಟ ಹತ್ತುವ ಹುಚ್ಚು ಮೊದಲಿಂದಲೂ ಇತ್ತು. ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಂದ ಮೇಲೆ ಇಂಥದ್ದೊಂದು .22 ರೈಫಲ್ ಕೊಂಡರು. ಕಾನೂನಿನ ಪ್ರಕಾರವೇ ಕೊಂಡಿದ್ದು, ಮನೆಯಲ್ಲಿ ಬೀಗ ಹಾಕಿಯೇ ಇಡುತ್ತಿದ್ದರು. ಬಂದೂಕಿನ ವಿಷಯದಲ್ಲಿ ಅವರಷ್ಟು ಶಿಸ್ತಿನ ಮನುಷ್ಯನನ್ನು ನಾನು ನೋಡಿಲ್ಲ.

ಆ ರೈಫಲ್ ಹೊತ್ತ ಬ್ಯಾಗನ್ನೇ ತಂಗಿ ಊರಿಗೆ ತಂದಳು, ಅದರಲ್ಲಿ ಒಂದು ಗುಂಡು ಉಳಿದಿತ್ತು. ಅದು ಬ್ಯಾಗಿನೊಳಗೆ ಹೋಗಿದ್ದು ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. .22 ಗುಂಡುಗಳು 50ರ ಪೆಟ್ಟಿಗೆಯಲ್ಲಿ ನೀಟಾಗಿ ಜೋಡಿಸಿ ಬರುತ್ತವೆ. ಅಗ್ಗವಾಗಿ ಬೇಕೆಂದರೆ ನೂರಾರು ಗುಂಡುಗಳನ್ನು ಬಿಡಿಬಿಡಿಯಾಗಿ ಸುರಿದ ದೊಡ್ಡ ಡಬ್ಬ ಸಿಗುತ್ತದೆ. ಹೊಡೆಯುವವರು ಅದರಿಂದ ಒಂದು ಹಿಡಿ ತೆಗೆದು ಜೇಬಿಗೋ ಬ್ಯಾಗಿನ ಸೈಡ್ ಪೌಚಿಗೋ ಹಾಕಿಕೊಂಡು ಮ್ಯಾಗಜಿನ್ ತುಂಬುತ್ತಾರೆ. ಪೂರ್ತಿ ಗುಂಡು ಒಂದು ಇಂಚು ಉದ್ದ, ಸುಮಾರು 6 ಮಿಲಿಮೀಟರ್ ದಪ್ಪ. ತೂಕ 3 ಗ್ರಾಂ ಚಿಲ್ಲರೆ. ಅದು ಬಿದ್ದಿದ್ದು ಬೆನ್ನಿಗೆ ಗೊತ್ತಾಗುವುದಿಲ್ಲ, ಕೈಗೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯವಿದೆ, ಇದನ್ನು ಜಾಸ್ತಿ ಜನ ಯೋಚಿಸಿರುವುದಿಲ್ಲ. .22 ರಿಮ್‌ಫೈರ್ ಗುಂಡು. ಅಂದರೆ ಕಿಡಿ ಹೊತ್ತಿಸುವ ಮದ್ದು ಹಿಂಬದಿಯ ನಡುವೆ ಇರುವುದಿಲ್ಲ, ಅಂಚಿನ ಸುತ್ತ ಇರುತ್ತದೆ. ಆ ಮದ್ದು ಅಂಚಿನ ಎಲ್ಲ ಕಡೆ ಸಮನಾಗಿ ಹರಡಿರದಿದ್ದರೆ, ಬಂದೂಕಿನೊಳಗಿನ ಸೂಜಿ (ಫೈರಿಂಗ್ ಪಿನ್) ಬಡಿದ ಜಾಗದಲ್ಲಿ ಏನೂ ಇಲ್ಲದಿದ್ದರೆ, ಗುಂಡು ಹಾರುವುದಿಲ್ಲ. ಅಗ್ಗದ ಗುಂಡಿನಲ್ಲಿ ಇದು ಆಗಾಗ ಆಗುತ್ತದೆ. ಜೊತೆಗೆ ಈ ಹಗುರ ರೈಫಲ್‌ಗಳಲ್ಲಿ ಕೆಲವಕ್ಕೆ ಎಲ್ಲ ಗುಂಡೂ ಒಗ್ಗುವುದಿಲ್ಲ. ಮೂತಿ ದುಂಡಗಿರುವ, ವೇಗ ಜಾಸ್ತಿ ಇರುವ ಗುಂಡೇ ಬೇಕು. ಇಲ್ಲದಿದ್ದರೆ ಸಿಕ್ಕಿಕೊಳ್ಳುತ್ತದೆ. ಹಾರದೆ ಉಳಿದ ಗುಂಡನ್ನು ಸ್ವಲ್ಪ ಹೊತ್ತು ಕಾದು, ಹೊರಗೆ ತೆಗೆದು, ನೆಲದಲ್ಲಿ ಬಿಡಬಾರದು ಅಂತ ಒಳ್ಳೆಯ ಮನಸ್ಸಿನಿಂದಲೇ ಎತ್ತಿಟ್ಟುಕೊಳ್ಳುತ್ತಾರೆ. ಎಲ್ಲಿ? ಕೈಗೆ ಹತ್ತಿರ ಇರುವ ಬ್ಯಾಗಿನ ಪೌಚಿನಲ್ಲಿ.

ನನ್ನ ತಂಗಿಯ ಬ್ಯಾಗಿನಲ್ಲಿ ಸಿಕ್ಕಿದ್ದು ಅಂಥದ್ದೇ ಗುಂಡು. ಅಂಚಿನಲ್ಲಿ ಸೂಜಿ ಬಡಿದ ಸಣ್ಣ ಕಚ್ಚು ಕಾಣುತ್ತಿತ್ತು. ಸೊಂಟಪಟ್ಟಿಯ ಪೌಚಿನ ಹೊಲಿಗೆ ಬಿಟ್ಟಿದ್ದ ಕಡೆಯಿಂದ ಜಾರಿ, ಬೆನ್ನಿಗೆ ಒತ್ತುವ ಫೋಮಿನ ಹಿಂದೆ ಕೂತಿತ್ತು. ಬಟ್ಟೆ ತುಂಬುವ ಮೊದಲು ಆಕೆ ಬ್ಯಾಗನ್ನು ಕೊಡವಿದ್ದಳು, ಒಗೆದೂ ಇದ್ದಳು. ಅದು ಬೀಳಲಿಲ್ಲ.

ಮದುವೆಗೆಂದು ಊರಿಗೆ ಬಂದಳು. ಬರುವಾಗ ದಾರಿಯ ಎಕ್ಸ್‌ರೇಗಳನ್ನೆಲ್ಲ ಅದೇ ಬ್ಯಾಗ್ ದಾಟಿಕೊಂಡು ಬಂತು. ವಾಪಸ್ ಹೋಗುವ ರಾತ್ರಿ ಬೆಂಗಳೂರಿನಲ್ಲಿ ಸಿಕ್ಕಿತು. ಅವಳನ್ನು ಬಿಡಲು ಹೋಗಿದ್ದ ನಾನು ಇನ್ನೂ ಹೊರಗೇ ಇದ್ದೆ. ಫೋನ್ ಬಂತು. "ಅಣ್ಣಾ, ಬ್ಯಾಗಲ್ಲಿ ಬುಲೆಟ್ ಇದೆ ಅಂತಿದಾರೆ. ನಂಗೇನೂ ಗೊತ್ತಾಗ್ತಿಲ್ಲ" ಅಂದಳು. ಆರು ವರ್ಷದ ಮಗಳು ಪಕ್ಕದಲ್ಲೇ ಅಳುತ್ತಿದ್ದುದು ನನಗೆ ಕೇಳುತ್ತಿತ್ತು. ವಿಮಾನ ಹೋಯಿತು. ಸಾಮಾನು ಕೆಳಗಿಳಿಸಿದರು. ಪೊಲೀಸರು ಬಂದು ಮಹಜರು ಮಾಡಿ, ಗುಂಡನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿ ಸೀಲ್ ಮಾಡಿದರು. ಎಫ್‌ಐಆರ್ ಆಯಿತು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ, ಅದನ್ನು ಹೇಳಲೇಬೇಕು. ಸ್ಟೇಷನ್ನಿನಲ್ಲಿದ್ದ ಮಹಿಳಾ ಪೇದೆಯೊಬ್ಬರು ಮಗುವಿಗೆ ಬಿಸ್ಕೆಟ್ ತರಿಸಿಕೊಟ್ಟರು. ಆದರೆ ಗುಂಡು ಸಿಕ್ಕ ಮೇಲೆ "ಹೋಗಲಿ ಬಿಡಿ ಮೇಡಂ" ಅನ್ನುವ ಅಧಿಕಾರ ಅವರಿಗೂ ಇಲ್ಲ.

ಮರುದಿನ ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು. ಪಾಸ್‌ಪೋರ್ಟ್ ಕೋರ್ಟಿಗೆ ಒಪ್ಪಿಸಬೇಕು, ಅಪ್ಪಣೆ ಇಲ್ಲದೆ ದೇಶ ಬಿಡಬಾರದು ಅನ್ನುವ ಷರತ್ತು ಹಾಕಿದರು. ನಿಜವಾದ ಕಷ್ಟ ಶುರುವಾಗಿದ್ದು ಅಲ್ಲಿಂದ. ಅವಳ ರಜೆ ಮುಗಿಯಿತು. ಮಗಳ ಸ್ಕೂಲ್ ತಪ್ಪಿತು. ಅಮ್ಮನಿಗೆ ಬಿಪಿ ಏರಿತು, ಮನೆಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. ಭಾವ ಅಲ್ಲಿಂದ ಬಂದೂಕು ಕೊಂಡ ರಸೀದಿ, ಪೆಟ್ಟಿಗೆಯ ಫೋಟೊ, ಅಫಿಡವಿಟ್ ಎಲ್ಲ ಕಳಿಸಿದರು. ಪಾಸ್‌ಪೋರ್ಟ್ ಬಿಡಿಸಿಕೊಂಡು ಅವಳು ಹೊರಡುವಷ್ಟರಲ್ಲಿ ವಾರಗಟ್ಟಲೆ ಕಳೆದಿತ್ತು. ಹೈಕೋರ್ಟ್ ಕೇಸು ರದ್ದು ಮಾಡಿದ್ದು ಅದಾದ ಎಷ್ಟೋ ತಿಂಗಳ ಮೇಲೆ.

ಕಾನೂನು ಹೀಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದು ಹೇಗೆ ಅಪರಾಧವೋ ಗುಂಡು ಇಟ್ಟುಕೊಳ್ಳುವುದೂ ಹಾಗೇ. 25ನೇ ಸೆಕ್ಷನ್ನಿನಲ್ಲಿ ಇದಕ್ಕಿದ್ದ ಶಿಕ್ಷೆಯನ್ನು 2019ರ ತಿದ್ದುಪಡಿ ಏರಿಸಿತು. ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಒಂದೇ ಗುಂಡು ಅಲ್ವಾ ಅನ್ನುವ ಮಾತು ಸ್ಟೇಷನ್ನಿನಲ್ಲಿ ನಡೆಯುವುದಿಲ್ಲ. ಹಾರದ ಗುಂಡು ಅಂದರೂ ನಡೆಯುವುದಿಲ್ಲ. ಅದು ಲ್ಯಾಬಿಗೆ ಹೋಗುತ್ತದೆ, ಅಂಚನ್ನು ಸ್ವಲ್ಪ ತಿರುಗಿಸಿ ಇನ್ನೊಂದು ಕಡೆ ಬಡಿದರೆ ಅದೇ ಗುಂಡು ಹಾರಿಬಿಡಬಹುದು.

ನಮ್ಮನ್ನು ಉಳಿಸಿದ್ದು ಬೇರೆ ಅಂಶ. ತನ್ನ ಹತ್ತಿರ ಇದೆ ಅನ್ನುವ ಅರಿವಿದ್ದರೆ ಮಾತ್ರ ಅದು 'ಇಟ್ಟುಕೊಂಡಂತೆ' ಎಂದು ಸುಪ್ರೀಂ ಕೋರ್ಟ್ 1972ರ ಗುನ್ವಂತ್‌ಲಾಲ್ ಪ್ರಕರಣದಲ್ಲೇ ಹೇಳಿದೆ. ಬ್ಯಾಗಿನಲ್ಲಿ ಗೊತ್ತಿಲ್ಲದೆ ಒಂದು ಗುಂಡು ಉಳಿದ ಇಂಥ ಎಷ್ಟೋ ಕೇಸುಗಳನ್ನು ಹೈಕೋರ್ಟ್‌ಗಳು ಇದೇ ಆಧಾರದ ಮೇಲೆ ರದ್ದು ಮಾಡಿವೆ. ಕೇಸು ರದ್ದು ಮಾಡಿ ಎಂದು ಮೊದಲು ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 482ನೇ ಸೆಕ್ಷನ್ನಿನಲ್ಲಿ ಹಾಕುತ್ತಿದ್ದ ಅರ್ಜಿಯನ್ನು ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 528ರಲ್ಲಿ ಹಾಕುತ್ತಾರೆ. ಆದರೆ ಅರಿವಿರಲಿಲ್ಲ ಎಂದು ತೋರಿಸುವ ಹೊತ್ತಿಗೆ ಕೆಲಸ, ದುಡ್ಡು, ನಿದ್ದೆ ಎಲ್ಲ ಹೋಗಿರುತ್ತದೆ.

ಸಂಬಂಧಿಕರೊಬ್ಬರು "ಕೊಡಗಿನಲ್ಲಿ ಮನೆಮನೆಯಲ್ಲಿ ಕೋವಿ ಇಲ್ವಾ, ಇದೇನು ಮಹಾ" ಅಂದರು. ಕೊಡವರಿಗೆ, ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಜಮೀನು ಹಕ್ಕು) ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇರುವುದು ನಿಜ. ಅದು ಅವರಿಗೆ ಮಾತ್ರ. ಫೀನಿಕ್ಸಿನಿಂದ ಬಂದವರ ಬ್ಯಾಗಿಗೆ ಅದರಿಂದ ಏನೂ ಸಿಗುವುದಿಲ್ಲ.

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟು. ರೈಫಲ್‌ಗೆ ಒಂದು ಬ್ಯಾಗ್ ಮೀಸಲಿಡಿ. ಎದ್ದುಕಾಣುವ ಬಣ್ಣದ್ದು ತಗೊಳ್ಳಿ, ಮೇಲೆ ದೊಡ್ಡದಾಗಿ ಬರೆದಿಡಿ. ಅದರಲ್ಲಿ ಬೇರೆ ಏನನ್ನೂ ತುಂಬಬೇಡಿ, ಯಾರಿಗೂ ಕೊಡಬೇಡಿ. ನಮ್ಮವರಲ್ಲಿ ಬ್ಯಾಗ್ ಕೈ ಬದಲಾಯಿಸುವುದು ತೀರಾ ಮಾಮೂಲು. ಊರಿಂದ ಬಂದ ಅತ್ತೆ ಮಾವ ವಾಪಸ್ ಹೊರಟಾಗ ಸಾಮಾನು ಜಾಸ್ತಿ ಆಯಿತೆಂದು ಕಪಾಟಿನಲ್ಲಿದ್ದ ಯಾವುದೋ ಬ್ಯಾಗ್ ತೆಗೆದುಕೊಡುತ್ತೇವೆ. ಎಪ್ಪತ್ತು ದಾಟಿದ ಆ ಮಾವ ಸ್ಟೇಷನ್ನಿನಲ್ಲಿ ಕೂರುವುದನ್ನು ಒಮ್ಮೆ ಯೋಚಿಸಿ. ಈಗಾಗಲೇ ಬಂದೂಕು, ಗುಂಡು ಇಟ್ಟಿದ್ದ ಬ್ಯಾಗನ್ನು "ಚೆನ್ನಾಗಿ ನೋಡಿದೀನಿ" ಅಂತ ಪ್ರಯಾಣಕ್ಕೆ ಬಳಸಬೇಡಿ. ನೋಡುವುದರಿಂದ ಆಗುವುದಿಲ್ಲ, ನಾವು ಕಂಡಿದ್ದೇವೆ. ಬಿಡಿ ಗುಂಡಿನ ಡಬ್ಬ ಬೇಡ, ಐವತ್ತರ ಪೆಟ್ಟಿಗೆ ತಗೊಳ್ಳಿ. ಅದರಲ್ಲಿ ಖಾಲಿ ಜಾಗ ಕಂಡರೆ ಲೆಕ್ಕ ತಿಳಿಯುತ್ತದೆ. ಜಾಕೆಟ್, ಕ್ಯಾಮೆರಾ ಚೀಲ, ಕಾರಿನಲ್ಲಿ ಬಿದ್ದಿರುವ ಪೌಚು, ಇವುಗಳಿಗೂ ಇದೇ ಮಾತು. ಭಾರತಕ್ಕೆ ಒಂದೇ ಒಂದು ಗುಂಡು ತಂದರೂ ಬಂಧನವಾಗಬಹುದು ಎಂದು ಅಮೆರಿಕದ ವಿದೇಶಾಂಗ ಇಲಾಖೆಯೇ ತನ್ನ ಪ್ರಜೆಗಳಿಗೆ ಎಚ್ಚರಿಕೆ ಕೊಡುತ್ತದೆ.

ವೀಸಾದಲ್ಲಿ ಇರುವವರಿಗೆ ಬೇರೆಯದೇ ಒಂದು ಮಾತು. ಕೆಲಸದ ಎಚ್-1ಬಿ, ಎಲ್-1, ವಿದ್ಯಾರ್ಥಿಗಳ ಎಫ್-1, ಸಂದರ್ಶಕರ ಬಿ-2, ಇವೆಲ್ಲ ನಾನ್-ಇಮಿಗ್ರಂಟ್, ಅಂದರೆ ಕಾಯಂ ನೆಲೆಸಲು ಅಲ್ಲದ, ವೀಸಾಗಳು. ಇವುಗಳಲ್ಲಿ ಬಂದವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸಿದೆ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಮಾತ್ರ ಇವೆ. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ಗೆಳೆಯನ ರೈಫಲ್ ತಾನೇ, ರೇಂಜಿನಲ್ಲಿ ಎರಡು ಸುತ್ತು ಹೊಡೆದರೆ ಏನಾಯಿತು ಅಂದುಕೊಳ್ಳಬೇಡಿ. ಕೈಯಲ್ಲಿ ಹಿಡಿದರೂ ಅದು ಇಟ್ಟುಕೊಂಡ ಲೆಕ್ಕಕ್ಕೆ ಬರಬಹುದು, ವೀಸಾಕ್ಕೆ ಕುತ್ತು ಬರಬಹುದು. ಬಂದೂಕು ಇರುವ ಗೆಳೆಯರೇ, ಅವರ ಕೈಗೆ ಕೊಡಬೇಡಿ.

ಇಷ್ಟಾದರೂ ವಿಮಾನ ನಿಲ್ದಾಣದಲ್ಲಿ ಯಾರದೋ ಬ್ಯಾಗಿನಲ್ಲಿ ಗುಂಡು ಸಿಕ್ಕರೆ, ಎಸೆಯಲು, ಬಚ್ಚಿಡಲು ಹೋಗಬೇಡಿ. "ನನ್ನ ಬ್ಯಾಗ್ ಅಲ್ಲ" ಅಂತಲೂ ಹೇಳಬೇಡಿ. ಗೊತ್ತಿರಲಿಲ್ಲ ಅನ್ನುವ ನಿಜವನ್ನೇ ಮೊದಲಿಂದ ಕೊನೆತನಕ ಒಂದೇ ರೀತಿ ಹೇಳಿ. ಕ್ರಿಮಿನಲ್ ಕೇಸು ನೋಡುವ ವಕೀಲರನ್ನು ಆಗಲೇ ಕರೆಸಿ, ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಅವರ ದೂತಾವಾಸಕ್ಕೆ ತಿಳಿಸುವಂತೆ ಕೇಳಿ. ಬಂದೂಕಿನ ರಸೀದಿಯ ಸ್ಕ್ಯಾನ್ ಪ್ರತಿ ಮನೆಯವರೆಲ್ಲರ ಹತ್ತಿರ ಇರಲಿ. ನಮ್ಮ ವಕೀಲರು ಮೊದಲು ಕೇಳಿದ್ದೇ ಅದನ್ನು.

ಹಾರದ ಗುಂಡನ್ನು ಮನೆಗೆ ತರುವ ಅಗತ್ಯವೇ ಇಲ್ಲ. ಎಷ್ಟೋ ರೇಂಜುಗಳಲ್ಲಿ ಅದಕ್ಕೇ ಒಂದು ಡಬ್ಬ ಇಟ್ಟಿರುತ್ತಾರೆ. ಕಾಣದಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ, ಹೊರಡುವ ಮೊದಲು ಅಲ್ಲೇ ಕೊಟ್ಟುಬಿಡಿ.